ಗಂಗೆ-ತುಂಗೆಯರ ಹಿಸೆ ಪಂಚಾಯ್ತಿಕೆ

ತನ್ನ ಮನೆಯಲ್ಲಿ ಒಂದಾಗಿದ್ದದ್ದು ಯಾವತ್ತೂ ಎರಡಾಗುವುದಿಲ್ಲ ಎಂದು ತನುಜಾ ಘೋಷಿಸಿದ್ದು ಸುಮ್ಮನೆ ಬಾಯಿಮಾತಿಗಲ್ಲ, ಮೈಕು ಹಿಡಿದುಕೊಂಡು! ಶಿರಸಿಯ ಅವರ ಬಡಾವಣೆಯ ಮಹಿಳಾ ಮಂಡಳದವರು ಅರಿಶಿನ-ಕುಂಕುಮದ ದಿನ ‘ಮನೆಯಲ್ಲಿ ಹೊಂದಾಣಿಕೆ’ ಎಂಬ ವಿಷಯದ ಮೇಲೆ ನಾಲ್ಕು ಮಾತಾಡು ಎಂದಿದ್ದರು. ತನುಜಾ ನಲವತ್ತು ಮಾತಾಡಿದಳು. ಮದುವೆಯಾಗಿ ಬಂದಾಗಿನಿಂದ ತಾನೂ ಅತ್ತೆಯೂ ಒಂದೇ ಅಡುಗೆಮನೆ, ಒಂದೇ ಒಲೆ. ಇದುವರೆಗೆ ಒಂದು ಸೌಟು ಕೂಡ ಜೋರಾಗಿ ಸದ್ದು ಮಾಡಿದ್ದಿಲ್ಲ. ಹೊಂದಿಕೊಂಡು ಹೋಗುವುದು ಮನಸ್ಸಿಗೆ ಸಂಬಂಧಪಟ್ಟದ್ದೇ ಹೊರತು ಮನೆಯ ಅಳತೆಗೆ ಸಂಬಂಧಪಟ್ಟದ್ದಲ್ಲ. ಬೇರೆ ಒಲೆ ಹೂಡುವವರನ್ನು ಕಂಡರೆ ತನಗೆ ಕನಿಕರ ಬರುತ್ತದೆ. ಹೀಗೆಲ್ಲ ಹೇಳಿ ಕುಳಿತಾಗ ಬಿದ್ದ ಚಪ್ಪಾಳೆಗೆ ಸಭಾಭವನದ ಪಾರಿವಾಳಗಳು ಎದ್ದು ಹಾರಿದವು.

ಮೂರನೆಯ ಸಾಲಿನಲ್ಲಿ ಕುಳಿತಿದ್ದ ಅತ್ತೆ ಸೀತಮ್ಮ ಚಪ್ಪಾಳೆ ತಟ್ಟಲಿಲ್ಲ. ಅವರ ದವಡೆ ಮಾತ್ರ ನಿಧಾನವಾಗಿ ಆಡುತ್ತಿತ್ತು. ಎಲೆ-ಅಡಿಕೆಯ ಕವಳ ಹಾಕಿಕೊಂಡಿರಬೇಕು ಎಂದುಕೊಂಡ ತನುಜಾಳಿಗೆ ಅದನ್ನು ನೋಡಿಯೇ ಹೊಟ್ಟೆ ತಂಪಾಯಿತು.

ಯಾಕೆಂದರೆ ತನುಜಾ ಕೋಲಸಿರ್ಸಿಯ ದನಕರುಗಳ ಮನೆಯಲ್ಲಿ ಬೆಳೆದವಳು. ಅಲ್ಲಿ ಅವಳ ಅಪ್ಪ ಸಂಜೆ ಕೊಟ್ಟಿಗೆಗೆ ಇಣುಕಿ, ಆಕಳು ಮಲಗಿ ಮೆಲುಕು ಹಾಕುತ್ತಿದ್ದರೆ, ಇನ್ನು ಚಿಂತೆಯಿಲ್ಲ, ಎಲ್ಲ ಸರಿಯಾಗಿದೆ ಎಂದು ಹೇಳಿ ಬಾಗಿಲು ಹಾಕುತ್ತಿದ್ದ. ದವಡೆ ಆಡುತ್ತಿದ್ದರೆ ಪ್ರಾಣಿ ಸುಖವಾಗಿದೆ. ಈ ಒಂದು ಶಾಸ್ತ್ರವನ್ನು ತನುಜಾ ತವರಿನಿಂದ ಬಳುವಳಿಯಾಗಿ ತಂದಿದ್ದಳು. ಎಲ್ಲ ಜೀವಿಗಳಿಗೂ ಅನ್ವಯಿಸುತ್ತಿದ್ದಳು.

ಇಷ್ಟಕ್ಕೇ ನಿಂತಿದ್ದರೆ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ಆದರೆ ಮಗಳು ಅಭಿಜ್ಞಾಳಿಗೆ ಒಬ್ಬಳು ತಂಗಿ ಬೇಕಾಗಿತ್ತು. ಒಂದನೇ ಕ್ಲಾಸಿನ ಎಲ್ಲರಿಗೂ ತಂಗಿಯೋ ತಮ್ಮನೋ ಇದ್ದಾರೆ, ತನಗೊಬ್ಬಳಿಗೇ ಯಾರೂ ಇಲ್ಲ ಎಂದು ದಿನಾ ರಾಗ. ತಂಗಿಯ ವಿಷಯದಲ್ಲಿ ತನುಜಾಳೂ ಅವಳ ಗಂಡ ನಂದನನೂ ಇನ್ನೂ ಒಂದು ತೀರ್ಮಾನಕ್ಕೆ ಬಂದಿರಲಿಲ್ಲ. ಗಿನಿಪಿಗ್ ವಿಷಯದಲ್ಲಿ ಬಂದರು. ಯಲ್ಲಾಪುರದಲ್ಲಿರುವ ತನುಜಾಳ ಚಿಕ್ಕಮ್ಮನ ಮಗ ಸಂಜಯನ ಮನೆಯಲ್ಲಿ ಅವು ವರ್ಷವಿಡೀ ಮರಿ ಹಾಕುತ್ತಿದ್ದವು. ಒಂದೇ ಇದ್ದರೆ ಬೇಜಾರು ಮಾಡಿಕೊಳ್ಳುತ್ತದೆ, ಎರಡು ತೆಗೆದುಕೊಂಡು ಹೋಗು, ಅಕ್ಕ-ತಂಗಿ, ಒಂದನ್ನೊಂದು ಬಿಟ್ಟಿರುವುದಿಲ್ಲ ಎಂದು ಸಂಜಯ ಹೇಳಿದ. ಹೇಳುವಾಗ ಅವನು ಯಾವುದನ್ನೂ ತಿರುಗಿಸಿ ನೋಡಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಮನೆಯ ಹೆಬ್ಬಾಗಿಲಲ್ಲಿ ಮೊದಲ ತಡೆ. “ಪಿಗ್ಗು ಅಂದ್ರೆ ಹಂದಿಯಲ್ದಾ?” ಎಂದು ಸೀತಮ್ಮ ಕೇಳಿದರು. ಹೆಸರು ಮಾತ್ರ ಹಾಗೆ, ಇದು ಇಲಿಯ ಕಡೆಯ ಪ್ರಾಣಿ ಎಂದು ನಂದನ ವಿವರಿಸಲು ಹೋಗಿ ಪರಿಸ್ಥಿತಿಯನ್ನು ಇನ್ನಷ್ಟು ಹದಗೆಡಿಸಿದ. ಕೊನೆಗೆ ಆದ ಒಪ್ಪಂದದ ಪ್ರಕಾರ ಇವು ಬಾಲವಿಲ್ಲದ ಮೊಲಗಳು. ಊಟದ ಹೊತ್ತಿಗೆ ಯಾರೂ ಇವುಗಳ ಇಂಗ್ಲಿಷ್ ಹೆಸರು ಎತ್ತತಕ್ಕದ್ದಲ್ಲ. ತನುಜಾ ತವರಿನ ಕೊಟ್ಟಿಗೆಯ ಸಂಪ್ರದಾಯದಂತೆ ಕಂದು ಬಣ್ಣದ್ದಕ್ಕೆ ಗಂಗೆ, ಕರಿ-ಬಿಳಿಯದಕ್ಕೆ ತುಂಗೆ ಎಂದು ಹೆಸರಿಟ್ಟಳು. ನಂದನ ಹಳೆಯ ಟಿವಿ ಸ್ಟ್ಯಾಂಡಿನ ಬಾಗಿಲು ಕಿತ್ತು, ತಂತಿ ಬಲೆ ಹೊಡೆದು ಗೂಡು ಮಾಡಿದ. ಅಭಿಜ್ಞಾ ಒಳಗೆ ಒಣಹುಲ್ಲು ಹಾಸಿದಳು. ಒಂದು ನೀರಿನ ಬಾಟಲಿ, ಒಂದು ತಟ್ಟೆ, ಮಲಗಲು ಒಂದು ರಟ್ಟಿನ ಪೆಟ್ಟಿಗೆ. ಎಲ್ಲವೂ ಒಂದೊಂದೇ. ಅದು ತನುಜಾಳ ಆಜ್ಞೆ.

“ಎರಡಕ್ಕೂ ಬೇರೆ ಬೇರೆ ತಟ್ಟೆ ಇಟ್ರೆ ಚೊಲೊ ಇತ್ತು” ಎಂದರು ಸೀತಮ್ಮ.

ಅದೇ ತಪ್ಪು ಅತ್ತೆ, ಬೇರೆ ಇಟ್ಟರೆ ಬೇರೆ ಎಂಬ ಬುದ್ಧಿ ಬರುತ್ತದೆ, ನಾವಿಬ್ಬರೂ ಇಲ್ಲವೇ ಎಂದು ತನುಜಾ ಪ್ರೀತಿಯಿಂದ ತಿಳಿಸಿ ಹೇಳಿದಳು. ಅತ್ತೆಗೆ ಅವಳು ಎಲ್ಲವನ್ನೂ ಪ್ರೀತಿಯಿಂದಲೇ ತಿಳಿಸಿ ಹೇಳುತ್ತಿದ್ದಳು. ತೆಂಗಿನಕಾಯಿಯನ್ನು ಒಂದೇ ಸಲ ತುರಿದು ಫ್ರಿಜ್ಜಿನಲ್ಲಿಟ್ಟರೆ ಎಷ್ಟು ಅನುಕೂಲ ಎಂಬುದನ್ನು ಹಾಗೆಯೇ ತಿಳಿಸಿದ್ದಳು. ಕಳೆದ ವರ್ಷ, ಒಲೆಯ ಪಕ್ಕ ಅನಾದಿಕಾಲದಿಂದ ಕುಳಿತಿದ್ದ ಮರದ ಉಪ್ಪಿನ ಮರಿಗೆಯನ್ನು ಅಟ್ಟಕ್ಕೆ ಕಳಿಸಿ ಉಪ್ಪನ್ನು ಪ್ಲಾಸ್ಟಿಕ್ ಡಬ್ಬಿಗೆ ಸುರಿದಾಗಲೂ ಹಾಗೆಯೇ. ಕಪಾಟಿನ ಅಷ್ಟೂ ಡಬ್ಬಿಗಳನ್ನು ಹೊಸ ಕ್ರಮದಲ್ಲಿ ಜೋಡಿಸಿ ಒಂದೊಂದಕ್ಕೂ ಚೀಟಿ ಅಂಟಿಸಿದ ದಿನ ಸೀತಮ್ಮ ಕನ್ನಡಕ ಹಾಕಿಕೊಂಡು ಜೀರಿಗೆ ಹುಡುಕುತ್ತಾ ಬಹಳ ಹೊತ್ತು ನಿಂತಿದ್ದರು. ಆಗಲೂ ಅವರ ದವಡೆ ನಿಧಾನವಾಗಿ ಆಡುತ್ತಿತ್ತು. ಎಷ್ಟು ಸಮಾಧಾನದ ಹೆಂಗಸು ಎಂದು ತನುಜಾ ಮನಸ್ಸಿನಲ್ಲೇ ಕೈಮುಗಿದಿದ್ದಳು.

ಗಂಗೆ-ತುಂಗೆಯರೂ ಅದೇ ಹಾದಿ ಹಿಡಿದರು. ಬಂದ ಮಾರನೆಯ ದಿನ ಬೆಳಿಗ್ಗೆ ಎರಡೂ ಎದುರುಬದುರು ಕುಳಿತು, ಮೂತಿ ಎತ್ತಿ, ಹಲ್ಲಿಗೆ ಹಲ್ಲು ತಾಗಿಸಿ ಕಟಕಟ, ಕಟಕಟ ಎಂದು ದವಡೆ ಆಡಿಸುತ್ತಿದ್ದವು. ತನುಜಾಳ ಕಣ್ಣು ತುಂಬಿ ಬಂತು. ಮೆಲುಕು ಹಾಕುತ್ತಿವೆ! ಹೊಸ ಮನೆಗೆ ಬಂದು ಒಂದು ದಿನವಾಗಿಲ್ಲ, ಎಷ್ಟು ಹೊಂದಿಕೊಂಡಿವೆ! ಕೂಡಲೇ ವಿಡಿಯೊ ತೆಗೆದು ‘ಇದಲ್ಲವೇ ಸಾಮರಸ್ಯ’ ಎಂದು ಬರೆದು ಕುಟುಂಬದ ಗುಂಪಿಗೂ ಮಹಿಳಾ ಮಂಡಳದ ಗುಂಪಿಗೂ ಕಳಿಸಿದಳು. ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು.

ವಿಡಿಯೊ ಮುಗಿದ ಮೇಲಿನ ಭಾಗವನ್ನು ಯಾರೂ ನೋಡಲಿಲ್ಲ. ಆ ಭಾಗದಲ್ಲಿ ತುಂಗೆ ಗಂಗೆಯ ಬೆನ್ನ ಮೇಲೆ ಹಾರಿ ಒಂದು ಹಿಡಿ ಕೂದಲು ಕಿತ್ತಿತು.

ಮೊದಲು ತನುಜಾ ಇದನ್ನು ಆಟ ಎಂದಳು. ಎರಡನೆಯ ಸಲ, ಹಸಿವು ಎಂದು ಸೌತೆಕಾಯಿ ಹೋಳು ಹಾಕಿದಳು. ಒಂದೇ ತಟ್ಟೆಗೆ. ಹೋಳಿನ ಮೇಲೆ ಯುದ್ಧವಾಗಿ ತಟ್ಟೆ ಮಗುಚಿ, ಗಂಗೆ ರಟ್ಟಿನ ಪೆಟ್ಟಿಗೆಯ ಬಾಗಿಲಲ್ಲಿ ಅಡ್ಡ ಮಲಗಿ ತುಂಗೆಯನ್ನು ಇಡೀ ದಿನ ಒಳಗೆ ಬಿಟ್ಟುಕೊಳ್ಳಲಿಲ್ಲ. ತನುಜಾಳಿಗೆ ನಿಜವಾಗಿ ಸಿಟ್ಟು ಬಂದದ್ದು ಆಗ. ಏನು ಕಮ್ಮಿ ಮಾಡಿದ್ದೇನೆ ಇವಕ್ಕೆ? ದೇವರಿಗೆ ಏರಿಸಬೇಕಾದ ಎಳೆ ಗರಿಕೆಯನ್ನು ಮೊದಲು ಇವಕ್ಕೆ ಕೊಟ್ಟು, ಉಳಿದದ್ದನ್ನು ಗಣಪತಿಗೆ ಇಡುತ್ತಿದ್ದೇನೆ. ಸಾರಿಗೆ ಬೇಕಾದ ಕೊತ್ತಂಬರಿ ಇವುಗಳ ಹೊಟ್ಟೆಯಲ್ಲಿದೆ. ಒಡಹುಟ್ಟಿದವು ಬೇರೆ! ಮೂರು ಹೊತ್ತೂ ಕುಳಿತು ತಿನ್ನುವುದು, ಮಲಗುವುದು. ಇಷ್ಟೇ ಕೆಲಸ ಇದ್ದೂ ಜಗಳವಾಡಲು ವಿಷಯವಾದರೂ ಎಲ್ಲಿಂದ ಸಿಗುತ್ತದೆ?

ನಂದನ ಸಿದ್ದಾಪುರದ ಒಂದು ಸೊಸೈಟಿಯಲ್ಲಿ ಕೆಲಸಕ್ಕಿದ್ದ. ದಿನಾ ಬಸ್ಸಿನಲ್ಲಿ ಹೋಗಿ ಬಂದು ಸುಸ್ತಾಗಿ ಸೋಫಾದಲ್ಲಿ ಬೀಳುತ್ತಿದ್ದ. ಅವನಿಗೆ ಇದನ್ನೆಲ್ಲ ಹೇಳಿದರೆ, “ಬೇರೆ ಬೇರೆ ಇಟ್ಬುಡು ಮಾರಾಯ್ತಿ” ಎಂದ.

ಹೇಳಿದ ಮೇಲೆ ಅವನಿಗೂ ಗೊತ್ತಾಯಿತು, ಹೇಳಬಾರದಿತ್ತು ಎಂದು. ಮೈಕು ಹಿಡಿದು ಹೇಳಿದ ಹೆಂಡತಿಯನ್ನು ಏನೆಂದುಕೊಂಡಿದ್ದಾನೆ ಅವನು? ನಾಳೆ ಮಂಡಳದವರು ಮನೆಗೆ ಬಂದು ಎರಡು ಗೂಡು ನೋಡಿದರೆ? ಸಾಮರಸ್ಯದ ವಿಡಿಯೊ ನೋಡಿ ಕೈಮುಗಿದವರಿಗೆ ಏನು ಹೇಳುವುದು? ಆ ದಿನ ನಂದನನಿಗೆ ಚಹಾ ಸಿಕ್ಕಿತು, ಜೊತೆಗೆ ತಿನ್ನಲು ಏನೂ ಸಿಗಲಿಲ್ಲ.

ಶುಕ್ರವಾರ ಗಂಗೆಯ ಕಿವಿ ಹರಿಯಿತು. ಒಣಹುಲ್ಲಿನ ಮೇಲೆ ರಕ್ತದ ಹನಿ ಕಂಡು ಅಭಿಜ್ಞಾ ಬೀದಿಗೆ ಕೇಳುವಂತೆ ಅತ್ತಳು. ತನುಜಾ ಸಂಜಯನಿಗೆ ಫೋನು ಮಾಡಿ ತರಾಟೆಗೆ ತೆಗೆದುಕೊಂಡರೆ ಅವನು ತಣ್ಣಗೆ, ಹಾಗಾದರೆ ಒಂದನ್ನು ವಾಪಸ್ ಕೊಟ್ಟುಬಿಡು, ಆಯ್ತವಾರ ಶಿರಸಿಗೆ ಬರುವವನಿದ್ದೇನೆ, ತೆಗೆದುಕೊಂಡು ಹೋಗುತ್ತೇನೆ, ಮುಂಡಗೋಡದಲ್ಲಿ ಒಬ್ಬರು ಕೇಳಿದ್ದಾರೆ ಎಂದ. ಸ್ಪೀಕರಿನಲ್ಲಿಟ್ಟ ಫೋನು. ಅಭಿಜ್ಞಾ ಪಕ್ಕದಲ್ಲೇ ಇದ್ದಳು.

ಆ ದಿನ ಅವಳು ಊಟಕ್ಕೆ ಕುಳಿತು ಅನ್ನವನ್ನು ತಟ್ಟೆಯ ಆ ಬದಿಯಿಂದ ಈ ಬದಿಗೆ, ಈ ಬದಿಯಿಂದ ಆ ಬದಿಗೆ ದೂಡಿದಳು. ಆಮೇಲೆ ತಲೆ ಎತ್ತದೆಯೇ ಅಮ್ಮನನ್ನು ಕೇಳಿದಳು. “ಆಯಿ, ಜಗಳ ಮಾಡಿದವ್ರನ್ನ ವಾಪಸ್ ಕಳಿಸ್ತ್ವಾ?”

“ಯಾರು ಹೇಳಿದ್ದು ನಿಂಗೆ?”

“ಸಂಜಯ ಮಾವ. ಮತ್ತೆ ಎಂಗೆ ತಂಗಿ ಹುಟ್ಟಿ, ಆನು ಅವಳ ಜೊತೆಗೆ ಜಗಳ ಮಾಡಿದ್ರೆ?”

ತನುಜಾಳ ಕೈಯಲ್ಲಿದ್ದ ಸೌಟು ಸಾರಿನ ಪಾತ್ರೆಯಲ್ಲೇ ನಿಂತಿತು. ಅವಳು ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು, ಯಾರನ್ನೂ ಎಲ್ಲಿಗೂ ಕಳಿಸುವುದಿಲ್ಲ, ಗಂಗೆಯೂ ಇಲ್ಲೇ, ತುಂಗೆಯೂ ಇಲ್ಲೇ, ಆಯ್ತವಾರದೊಳಗೆ ಎರಡನ್ನೂ ಸರಿ ಮಾಡುತ್ತೇನೆ ಎಂದು ಮಾತು ಕೊಟ್ಟಳು. ಈಗ ಇದು ಮಂಡಳದ ಮಾತಾಗಿ ಉಳಿಯಲಿಲ್ಲ. ಈ ಮಾತು ತಪ್ಪಿದರೆ ಕೇಳುವವಳು ತೊಡೆಯ ಮೇಲೆಯೇ ಕುಳಿತಿದ್ದಳು.

ಮಾರನೆಯ ಬೆಳಿಗ್ಗೆ ಎರಡನ್ನೂ ತರಕಾರಿ ಬುಟ್ಟಿಯಲ್ಲಿ ಹಾಕಿ, ಮೇಲೊಂದು ಪಂಚೆ ಮುಚ್ಚಿ, ಪರಿಚಯದ ದನದ ಡಾಕ್ಟರ ಮನೆಗೆ ಹೋದಳು. ಶಿವಲಿಂಗಪ್ಪ ಡಾಕ್ಟರು ಹಾವೇರಿ ಕಡೆಯವರು. “ಬರ್ರಿ ಅಕ್ಕಾರ, ಕುಂದರ್ರಿ” ಎಂದು ಪಂಚೆ ಸರಿಸಿ ನೋಡಿ, ಇವನ್ನು ಕಾಲೇಜಿನಲ್ಲಿ ಓದುವಾಗ ನೋಡಿದ್ದೇ ಕೊನೆ ಎಂದು ಖುಷಿಪಟ್ಟರು. ಕಿವಿಗೆ ಮುಲಾಮು ಹಚ್ಚಿದರು. ಆಮೇಲೆ ಒಂದೊಂದನ್ನಾಗಿ ಅಂಗಾತ ಮಾಡಿ ಕನ್ನಡಕ ಮೇಲೇರಿಸಿದರು.

“ಅಕ್ಕ-ತಂಗಿ ಅಂತ ಯಾರ್ ಹೇಳಿದ್ರಿ ನಿಮಗ?”

“ನನ್ನ ಚಿಕ್ಕಮ್ಮನ ಮಗ.”

“ಇವು ಅಣ್ಣ-ತಮ್ಮ ಅದಾವ್ರಿ. ವಯಸ್ಸಿಗೆ ಬಂದಾವ. ಕಚ್ಚಾಡದ ಏನ್ ಮಾಡ್ತಾವ?”

ತನುಜಾಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೂ ಹಟ ಬಿಡದೆ, ಇಲ್ಲ ಸರ್, ಬೆಳಗಿನ ಹೊತ್ತು ಎಷ್ಟು ಚೆನ್ನಾಗಿ ಎದುರುಬದುರು ಕುಳಿತು ಮೆಲುಕು ಹಾಕುತ್ತವೆ ಎಂದು ಫೋನು ತೆಗೆದು ವಿಡಿಯೊ ತೋರಿಸಿದಳು. ಡಾಕ್ಟರು ನೋಡಿದರು. ಇನ್ನೊಂದು ಸಲ ನೋಡಿದರು. ಹೆಂಡತಿಯನ್ನು ಒಳಗಿನಿಂದ ಕರೆದು ಅವರಿಗೂ ತೋರಿಸಿದರು.

“ಮೆಲುಕು ಹಾಕಾಕ ಇವೇನು ಆಕಳೇನ್ರಿ ಅಕ್ಕಾರ? ಹಲ್ಲು ಕಡ್ಯಾಕ್ಹತ್ತಾವ. ಸಿಟ್ಟು ನೆತ್ತಿಗೇರಿದಾಗ ಹಿಂಗ ಮಾಡ್ತಾವ. ಕಟಕಟ ಅಂದ್ವು ಅಂದ್ರ, ಮುಂದ ಕಚ್ಚೂದು ಗ್ಯಾರಂಟಿ.”

ಬರುವ ದಾರಿಯುದ್ದಕ್ಕೂ ಬುಟ್ಟಿಯೊಳಗೆ ಕಟಕಟ. ತನುಜಾಳಿಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದೋ ತಿಳಿಯಲಿಲ್ಲ. ಸಂಜಯನ ಮೇಲೆ ಮಾಡಿಕೊಂಡಳು. ಅದು ಬೇಗ ಮುಗಿಯಿತು. ಆಮೇಲೆ ಡಾಕ್ಟರ ಹೆಂಡತಿಯ ಮೇಲೆ ಮಾಡಿಕೊಂಡಳು. ಅಷ್ಟು ನಗುವ ಅಗತ್ಯವೇನಿತ್ತು? ಗುಂಪಿನಿಂದ ವಿಡಿಯೊ ತೆಗೆಯೋಣ ಎಂದು ನೋಡಿದರೆ ಮಂಡಳದ ಅಧ್ಯಕ್ಷೆ ಅದನ್ನು ಇನ್ನೂ ಮೂರು ಗುಂಪುಗಳಿಗೆ ದಾಟಿಸಿಯಾಗಿತ್ತು.

ಅಣ್ಣ-ತಮ್ಮ ಎಂಬ ಸುದ್ದಿಯಿಂದ ಮನೆಯಲ್ಲಿ ನಿಜವಾಗಿ ಉತ್ಸಾಹಗೊಂಡವರು ಒಬ್ಬರೇ, ಮಾವ ಶಾಂತಾರಾಮ ಹೆಗಡೆಯವರು. ಈ ಸುದ್ದಿಗೆ ಮೊದಲು ಅವರು ಗೂಡಿನತ್ತ ತಿರುಗಿಯೂ ನೋಡಿರಲಿಲ್ಲ. ಈಗ ಕುರ್ಚಿ ಎಳೆದುಕೊಂಡು ಬಂದು ಗೂಡಿನ ಮುಂದೆ ಕುಳಿತರು. ವಾನಳ್ಳಿಯಿಂದ ಹಿಡಿದು ಸುತ್ತ ನಾಲ್ಕಾರು ಸೀಮೆಗಳಲ್ಲಿ ಅಣ್ಣ-ತಮ್ಮಂದಿರು ಬೇರೆಯಾಗುವಾಗ ಹಿಸೆ ಪಂಚಾಯ್ತಿಕೆಗೆ, ಅಂದರೆ ಮನೆ-ತೋಟದ ಪಾಲು ಮಾಡಿಕೊಡುವುದಕ್ಕೆ, ಕರೆಯುತ್ತಿದ್ದದ್ದು ಅವರನ್ನೇ. ಹೆಗಡೆಯವರು ಮಾಡಿದ ಹಿಸೆ ಕೋರ್ಟಿಗೆ ಹೋದದ್ದಿಲ್ಲ ಎಂಬ ಹೆಸರಿತ್ತು. ಶಿರಸಿಗೆ ಬಂದು ನೆಲೆಸಿದ ಮೇಲೆ ಆ ಕೆಲಸ ಕಮ್ಮಿಯಾಗಿ ಅವರಿಗೆ ಕೈ ಕಟ್ಟಿಹಾಕಿದಂತಾಗಿತ್ತು.

“ಗಂಡು ಅಂದ್ಮೇಲೆ ಮುಗತ್ತು. ಹಿಸೆ ಮಾಡ್ಬುಡನ” ಎಂದರು.

ಹೆಣ್ಣಾಗಿದ್ದರೆ ಪಾಲು ಇರಲಿಲ್ಲವೇ ಎಂದು ತನುಜಾ ಕೆರಳಿದಳು. ಕಾನೂನು ಬದಲಾಗಿದ್ದು ತಮಗೆ ಗೊತ್ತಿದೆ, ಆದರೆ ಪದ್ಧತಿ ಎಂದು ಒಂದಿದೆ ಎಂದು ಮಾವ ಕೆಮ್ಮಿದರು. ತನುಜಾಳಿಗೆ ಹಿಸೆ ಎಂಬ ಶಬ್ದವೇ ಆಗದು. ಆದರೆ ಆಯ್ತವಾರ ಎಂದರೆ ನಾಳೆ! ಮಾವನವರು ಒಂದು ದಾರಿ ತೋರಿಸಿದರು. ಇದು ಬೇರೆ ಮಾಡುವುದಲ್ಲ. ಸೂರು ಒಂದೇ, ಒಳಗೆ ಪಾಲು ಎರಡು, ನಡುವೆ ಓಡಾಡಲು ದಾರಿ. ಹೊರಗಿನಿಂದ ನೋಡಿದವರಿಗೆ ಒಂದೇ ಮನೆ. ಇದು ಮೈಕಿನ ಮಾತಿಗೆ ಧಕ್ಕೆ ತರುವುದಿಲ್ಲ ಎಂದು ಲೆಕ್ಕ ಹಾಕಿ ತನುಜಾ ಒಪ್ಪಿದಳು.

ಊಟವಾದ ಮೇಲೆ ಪಂಚಾಯ್ತಿಕೆ ಸೇರಿತು. ಮಾವ ಪದ್ಧತಿಯಂತೆ ಶಾಲು ಹೊದ್ದು ಕುಳಿತರು. ಸೀತಮ್ಮ ಅಡುಗೆಮನೆಯ ಬಾಗಿಲಲ್ಲಿ ಕವಳದ ಹರಿವಾಣ ಎದುರಿಗಿಟ್ಟುಕೊಂಡು ಗಂಡನಿಗೆ ಅಡಿಕೆ ಕತ್ತರಿಸುತ್ತಿದ್ದರು. ನಂದನ ಟೇಪು ಹಿಡಿದ. ಪೂರ್ವಕ್ಕೆ ಗೋಡೆ, ಪಶ್ಚಿಮಕ್ಕೆ ಚಪ್ಪಲಿ ಸ್ಟ್ಯಾಂಡು, ಉತ್ತರಕ್ಕೆ ಕಿಟಕಿ, ದಕ್ಷಿಣಕ್ಕೆ ಓಡಾಡುವ ಜಾಗ ಎಂದು ಚಕ್ಕುಬಂದಿ ಹೇಳಲಾಯಿತು. ಹಿರಿಯನ ಹೆಸರಲ್ಲಿ ಪಾಲು ಮಾಡುವುದು, ಕಿರಿಯ ಮೊದಲು ಆರಿಸಿಕೊಳ್ಳುವುದು ಕ್ರಮ. ಹಿರಿಯ ಯಾರು? ಯಾರಿಗೂ ಗೊತ್ತಿಲ್ಲ. ಫ್ರಿಜ್ಜಿನ ಬಾಗಿಲು ತೆಗೆದ ಸದ್ದಿಗೆ ಮೊದಲು ವೀಕ್ ವೀಕ್ ಎಂದು ಕೂಗುವುದು ಗಂಗೆ, ಆದ್ದರಿಂದ ಅದೇ ದೊಡ್ಡದು ಎಂದು ಅಭಿಜ್ಞಾ ಸಾಕ್ಷಿ ಹೇಳಿದಳು. ತುಂಗೆಯನ್ನು ನಡುವೆ ಬಿಟ್ಟರು. ಅದು ಗಂಭೀರವಾಗಿ ಎರಡೂ ಕಡೆ ಮೂಸಿ, ಕಿಟಕಿಯ ಬದಿ ಆರಿಸಿ, ಅಲ್ಲಿ ನಾಲ್ಕು ಹಿಕ್ಕೆ ಹಾಕಿ ಸ್ವಾಧೀನ ಪಡೆಯಿತು. ಹೀಗೆ ಒಪ್ಪಿಕೊಂಡವರನ್ನು ತಮ್ಮ ಅನುಭವದಲ್ಲಿ ಕಂಡಿಲ್ಲ ಎಂದು ಮಾವನವರಿಗೆ ಆನಂದವೋ ಆನಂದ.

ನಡುವೆ ರಟ್ಟಿನ ಗೋಡೆ ಎದ್ದಿತು. ಅದಕ್ಕೆ ಓಡಾಡಲು ಒಂದು ಕಂಡಿ. ತಟ್ಟೆ ಎರಡಾಯಿತು. ನೀರಿನ ಬಾಟಲಿ ಮಾತ್ರ ಒಂದೇ ಇತ್ತು. ಅದನ್ನು ಕಂಡಿಯ ಬಾಯಲ್ಲೇ, ಎರಡೂ ಕಡೆಯವರಿಗೆ ಸಿಗುವಂತೆ ಕಟ್ಟಲಾಯಿತು.

“ಬಾವಿ ಜಂಟಿ ಇಡಡ” ಎಂದು ತಡೆದರು ಸೀತಮ್ಮ, ಅಡಕತ್ತರಿಯಿಂದ ಕಣ್ಣೆತ್ತದೆ.

“ಬಾವಿ ಯಾವತ್ತಿದ್ರೂ ಜಂಟಿ. ಆನು ಮಾಡಿದ ಅಷ್ಟೂ ಹಿಸೆಲಿ ಜಂಟಿ.”

“ಅದಕ್ಕೇ ಹೇಳಿದ್ದು.”

ಹೆಗಡೆಯವರು ಮಾಡಿದ ಹಿಸೆ ಒಂದೂ ಕೋರ್ಟಿಗೆ ಹೋಗಿರಲಿಲ್ಲ, ನಿಜ. ಆದರೆ ಆ ಮನೆಗಳಲ್ಲೆಲ್ಲ ಬೆಳಗಾದರೆ ಬಾವಿಕಟ್ಟೆಯ ಮೇಲೆ ಏನೇನು ನಡೆಯುತ್ತದೆ ಎಂಬುದನ್ನು ಅವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಸೀತಮ್ಮನವರೊಬ್ಬರನ್ನು ಬಿಟ್ಟು. ಅವರ ಮಾತನ್ನು ತನುಜಾಳೂ ಕಿವಿಗೆ ಹಾಕಿಕೊಳ್ಳಲಿಲ್ಲ. ಜಂಟಿ ನೀರಿನಲ್ಲಾದರೂ ಸ್ವಲ್ಪ ಸಾಮರಸ್ಯ ಉಳಿಯಲಿ ಎಂಬ ಆಸೆ ಅವಳದು.

ಸಂಜೆಯ ತನಕ ಹಿಸೆ ಬಾಳಿತು. ಸಂಜೆ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಅಭಿಜ್ಞಾ ಓಡಿ ಬಂದು, ಗಂಗೆ ಗೋಡೆ ತಿನ್ನುತ್ತಿದೆ ಎಂದಳು. ಹೋಗಿ ನೋಡಿದರೆ ರಟ್ಟಿನ ಗೋಡೆಯ ಅರ್ಧ ಗಂಗೆಯ ಹೊಟ್ಟೆಗೆ ಹೋಗಿತ್ತು. ಇದು ಅತಿಕ್ರಮಣ ಎಂದು ಮಾವ ಗುಡುಗಿದರು. ಗಂಗೆ ಅವರನ್ನು ನೋಡುತ್ತಲೇ ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡಿತು. ಅದೇ ಹೊತ್ತಿಗೆ ತುಂಗೆಗೆ ಬಾಯಾರಿಕೆಯಾಯಿತು. ಬಾಟಲಿಯ ಎದುರು ಅಣ್ಣ-ತಮ್ಮ ಮುಖಾಮುಖಿಯಾದರು. ಕಟಕಟ. ಕಟಕಟ.

“ಎಲ್ಲ ದೂರ ಸರೀರಿ, ಕಚ್ಚುತ್ತವೆ” ಎಂದು ತನುಜಾ ಕೂಗುವ ಮೊದಲೇ ಮಾವನವರು ಪಂಚರ ಗತ್ತಿನಲ್ಲಿ ಗೂಡಿನೊಳಗೆ ಕೈ ಹಾಕಿ ನಡುವೆ ಬೆರಳಿಟ್ಟರು. ಅಷ್ಟು ವರ್ಷದ ಪಂಚಾಯ್ತಿಕೆಯಲ್ಲಿ ಅವರ ರಕ್ತ ಬಿದ್ದದ್ದು ಇದೇ ಮೊದಲು! ಯಾರು ಕಚ್ಚಿದ್ದು ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಅವರು ಕೈ ಎಳೆದುಕೊಂಡ ರಭಸಕ್ಕೆ ಗೂಡಿನ ಬಲೆ ಕಿತ್ತು ಬಂತು. ಗಂಗೆ ಹೊರಗೆ ಹಾರಿತು, ಅದರ ಹಿಂದೆ ತುಂಗೆ. ಎರಡೂ ನೇರ ಅಡುಗೆಮನೆಗೆ.

ನಂದನ ಮೊರ ಹಿಡಿದು ಓಡಿದ. ತನುಜಾ ಸೀರೆ ಎತ್ತಿ ಕಟ್ಟಿ ಓಡಿದಳು. ಗಂಗೆ ಕಪಾಟಿನ ಅಡಿಯ ಸಂದಿಗೆ ನುಗ್ಗಿತು. ತುಂಗೆಯೂ ನುಗ್ಗಿತು. ನಂದನ ಮೊರವನ್ನು ತುಂಗೆಯ ಮೇಲೆ ಕವುಚಲು ಹೋಗಿ ಕಪಾಟಿನ ಕಾಲಿಗೆ ಕವುಚಿದ. ಚೀಟಿ ಅಂಟಿಸಿದ ಡಬ್ಬಿಗಳು ಮೇಲಿನ ಸಾಲಿನಿಂದ ಒಂದೊಂದಾಗಿ, ತನುಜಾ ಜೋಡಿಸಿಟ್ಟ ಅದೇ ಕ್ರಮದಲ್ಲಿ, ಕೆಳಗೆ ಬಿದ್ದವು. ಸಾಸಿವೆ, ಜೀರಿಗೆ, ಮೆಂತೆ, ಕೊನೆಗೆ ಪ್ಲಾಸ್ಟಿಕ್ ಡಬ್ಬಿಯ ಉಪ್ಪು. ಕೂಡಿಬಾಳುವುದಕ್ಕೆ ಏನು ಧಾಡಿ ನಿಮಗೆ ಎಂದು ತನುಜಾ ಎರಡಕ್ಕೂ ನೆಲದ ಮೇಲೆ ಮಲಗಿಕೊಂಡೇ ಬೈದಳು. ತಲೆಯ ಮೇಲೆ ಸಾಸಿವೆ, ಎದುರಿಗೆ ಕಪಾಟಿನ ಅಡಿಯ ಕತ್ತಲೆ, ಕತ್ತಲೆಯೊಳಗೆ ಕಟಕಟ. ಬಾಗಿಲಲ್ಲಿ ಅಭಿಜ್ಞಾ ಸದ್ದಿಲ್ಲದೆ ಅ‌ಳುತ್ತಿದ್ದಳು. ನಾಳೆ ಸಂಜಯ ಬರುತ್ತಾನೆ. ಯಾವುದನ್ನು ಕೊಡುವುದು? ಕೊಟ್ಟಮೇಲೆ ಈ ಹುಡುಗಿಗೆ ಯಾವ ಮುಖದಿಂದ ತಂಗಿಯ ಮಾತು ಹೇಳುವುದು?

ಆಗ ಸೀತಮ್ಮ ಎದ್ದರು. ಅಟ್ಟಕ್ಕೆ ಹೋಗಿ, ಹಪ್ಪಳ ಒಣಗಿಸುವಾಗ ಕಾಗೆ ಬಾರದ ಹಾಗೆ ಮುಚ್ಚುವ ತಂತಿ ಜಾಳಿಗೆಯನ್ನು ತಂದರು. ಫ್ರಿಜ್ಜಿನ ಬಾಗಿಲು ತೆಗೆದು ಮುಚ್ಚಿದರು. ಅಷ್ಟಕ್ಕೇ ಕಪಾಟಿನ ಅಡಿಯಿಂದ ವೀಕ್ ವೀಕ್ ಎನ್ನುತ್ತಾ ಎರಡು ಮೂತಿ ಹೊರಬಂದವು. ಒಂದೊಂದು ಕೈಗೆ ಒಂದೊಂದನ್ನು ಎತ್ತಿಕೊಂಡು ಹೋಗಿ ಗೂಡಿಗೆ ಬಿಟ್ಟರು. ಉಳಿದ ರಟ್ಟು ಕಿತ್ತು ಅಲ್ಲಿ ಜಾಳಿಗೆ ನಿಲ್ಲಿಸಿ, ಕಿತ್ತುಬಂದ ಬಲೆಯನ್ನು ನಂದನನಿಂದ ಮತ್ತೆ ಹೊಡೆಸಿದರು. ಕಂಡಿ ಇಲ್ಲ, ದಾರಿಯಿಲ್ಲ. ಆ ಬದಿಗೊಂದು ತಟ್ಟೆ, ಈ ಬದಿಗೊಂದು ತಟ್ಟೆ, ಆ ಬದಿಗೆ ಬಾಟಲಿ, ಈ ಬದಿಗೆ ನೀರಿನ ಬಟ್ಟಲು. ಏನೂ ಜಂಟಿಯಿಲ್ಲ. ಆಮೇಲೆ ಹಿಂದೆ ಸರಿದು ಸೊಂಟಕ್ಕೆ ಕೈಕೊಟ್ಟು ನಿಂತರು.

ಗಂಗೆ ಜಾಳಿಗೆಗೆ ಮೂಗು ತಾಗಿಸಿತು. ಆ ಬದಿಯಿಂದ ತುಂಗೆಯೂ ತಾಗಿಸಿತು. ಕಟಕಟ ಇಲ್ಲ. ಸ್ವಲ್ಪ ಹೊತ್ತಿಗೆ ಗಂಗೆ ಜಾಳಿಗೆಗೆ ಬೆನ್ನು ಒತ್ತಿ ಮಲಗಿತು. ತುಂಗೆ ಅತ್ತ ಇತ್ತ ತಿರುಗಿ, ಹುಲ್ಲು ಕೆದರಿ, ಅದೇ ಜಾಗದಲ್ಲಿ ಆ ಬದಿಯಿಂದ ಬೆನ್ನು ಒತ್ತಿ ಮಲಗಿತು. ಅಷ್ಟು ದಿನದಲ್ಲಿ ಅವು ಒಟ್ಟಿಗೆ ಮಲಗಿದ್ದು ಅದೇ ಮೊದಲು.

ಆಯ್ತವಾರವೂ ಹಾಗೇ ಇದ್ದವು. ಸಂಜಯನಿಗೆ ಬರಬೇಡ ಎಂದು ಫೋನು ಹೋಯಿತು. ಅಭಿಜ್ಞಾ ತಾನಾಗಿ ಕೇಳಿ ಎರಡು ದೋಸೆ ಹೆಚ್ಚು ತಿಂದಳು. ಮಾವನವರು ಬೆರಳಿಗೆ ಪಟ್ಟಿ ಕಟ್ಟಿಕೊಂಡು, ಇದನ್ನು ಹಿಸೆ ಎನ್ನಲಾಗದು, ಬಾವಿ ಜಂಟಿ ಇಲ್ಲ ಎಂದು ಪೇಪರ್ ಓದುತ್ತಾ ಕುಳಿತರು. ತನುಜಾಳ ಹುರುಪು ಮಾತ್ರ ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಮರಳಿತ್ತು. ಬೆನ್ನಿಗೆ ಬೆನ್ನು ಒತ್ತಿ ಮಲಗಿದ ಫೋಟೊ ತೆಗೆದು, ‘ಎರಡು ಪಾಲು, ಒಂದೇ ಮನಸ್ಸು, ಇದೂ ಸಾಮರಸ್ಯವೇ’ ಎಂದು ಬರೆದು ಮಂಡಳದ ಗುಂಪಿಗೆ ಹಾಕಿದಳು. ಮೈಕಿನ ಮಾತನ್ನು ಇಷ್ಟು ಬೇಗ ತಿದ್ದುಪಡಿ ಮಾಡಿದ್ದಕ್ಕೆ ನಂದನ ಮೂಗಿನಲ್ಲೇ ನಕ್ಕ.

ಚೆಲ್ಲಿದ ಸಾಸಿವೆ ಇನ್ನೂ ಅಲ್ಲಲ್ಲಿ ಸಿಗುತ್ತಿತ್ತು. ಸಂಜೆ ಅದನ್ನು ಆರಿಸುತ್ತಾ ಕುಳಿತ ತನುಜಾಳ ಪಕ್ಕದಲ್ಲಿ ಸೀತಮ್ಮ ಮಣೆ ಹಾಕಿಕೊಂಡು ಬಂದು ಕುಳಿತರು. ಗೂಡಿನ ಕಡೆ ನೋಡಿದರು.

“ತನುಜಾ, ಹಿತ್ಲಕಡೆ ಕೋಣೆ ಖಾಲಿ ಇದ್ದಲೆ. ಅಲ್ಲೊಂದು ಒಲೆ ಇಡ್ಸಿಕೊಡು ಎಂಗೆ.”

“ಹಪ್ಪಳಕ್ಕಾ ಅತ್ತೆ?”

“ಅಲ್ಲ. ಅಡುಗೆಗೆ. ಊಟ ಎಲ್ಲರೂ ಒಟ್ಟಿಗೇ ಮಾಡನ. ಒಲೆ ಬೇರೆ ಇರ್ಲಿ. ಅಟ್ಟದ ಮೇಲಿನ ಉಪ್ಪಿನ ಮರಿಗೆನೂ ಇಳಿಸಿಕೊಡು. ನಡುವೆ ಬಾಗ್ಲಿದ್ದು, ಆನು ಕೂಗಿದ್ರೆ ನಿಂಗೆ ಕೇಳ್ತು.”

ತನುಜಾಳ ಕೈಯಲ್ಲಿದ್ದ ಸಾಸಿವೆ ಮತ್ತೆ ನೆಲ ಸೇರಿತು. ಬೇರೆ ಒಲೆ! ಅದೂ ಈ ಮನೆಯಲ್ಲಿ! ಮೈಕು, ಚಪ್ಪಾಳೆ, ಹಾರಿದ ಪಾರಿವಾಳ ಎಲ್ಲ ಒಟ್ಟಿಗೇ ಕಣ್ಣಿಗೆ ಬಂದವು. ಇದೆಂಥ ಅನ್ಯಾಯ? ತಾನೇನು ಕಚ್ಚಿದ್ದೇನೆಯೇ, ಕೂದಲು ಕಿತ್ತಿದ್ದೇನೆಯೇ?

“ನಮ್ಮಿಬ್ಬರಿಗೆ ಒಂದು ದಿನ ಆದ್ರೂ ಜಗಳ ಆಜಾ ಅತ್ತೆ?”

“ಇಲ್ಲೆ.”

“ನಿಂಗ ಸಿಟ್ಟು ಮಾಡಿದ್ದು ಆನು ನೋಡಿದ್ದೇ ಇಲ್ಲೆ. ಯಾವಾಗ ನೋಡಿದ್ರೂ ಕವಳ ಮೆಲ್ತಾ ಆರಾಮ ಇರ್ತಿ.”

ಸೀತಮ್ಮ ಅವಳನ್ನು ಒಂದು ಕ್ಷಣ ನೋಡಿದರು. ಕರುಣೆಯಿಂದಲೇ ನೋಡಿದರು.

“ಹಲ್ಲಿನ ಡಾಕ್ಟ್ರು ಬೈದು, ಆನು ಕವಳ ಬಿಟ್ಟು ಬಪ್ಪ ದೀಪಾವಳಿಗೆ ಎರಡು ವರ್ಷ ಆಗ್ತು, ತಂಗಿ.”

ತನುಜಾ ಅತ್ತೆಯ ತುಟಿ ನೋಡಿದಳು. ಕೆಂಪಿನ ಸುಳಿವೂ ಇರಲಿಲ್ಲ. ಎಂದಿನಿಂದ ಇರಲಿಲ್ಲವೋ! ಉಪ್ಪಿನ ಮರಿಗೆ ಅಟ್ಟಕ್ಕೆ ಹೋದ ದಿನ ಆ ದವಡೆ ಆಡುತ್ತಿತ್ತು. ಜೀರಿಗೆ ಹುಡುಕುವಾಗ ಆಡುತ್ತಿತ್ತು. ಮಹಿಳಾ ಮಂಡಳದಲ್ಲಿ, ಮೂರನೆಯ ಸಾಲಿನಲ್ಲಿ, ಭಾಷಣದ ಉದ್ದಕ್ಕೂ ಆಡುತ್ತಿತ್ತು. ಹರಿವಾಣದಲ್ಲಿ ಕತ್ತರಿಸುತ್ತಿದ್ದ ಅಡಿಕೆಯೆಲ್ಲ ಮಾವನವರದು. ಇಷ್ಟು ಕಾಲ ಬರೀ ಹಲ್ಲು!

ಹೇಳಬೇಕೆಂದುಕೊಂಡದ್ದು ಬಹಳವಿತ್ತು. ಹೇಳುವುದಕ್ಕೆ ಆಗಲಿಲ್ಲ. ಮರಿಗೆಯನ್ನು ಇಳಿಸಿಕೊಡಲು ನಂದನನನ್ನು ಕೂಗಬೇಕೆಂದು ಬಾಯಿ ತೆರೆಯಲು ಹೋದಳು. ಅದೂ ಆಗಲಿಲ್ಲ.

ಅಷ್ಟರಲ್ಲಿ ಎಲ್ಲೋ ಕಟಕಟ ಎಂದು ಸದ್ದಾಯಿತು. ಅಭಿಜ್ಞಾ ಗಾಬರಿಯಿಂದ ಗೂಡಿನ ಹತ್ತಿರ ಓಡಿದಳು, ಬಗ್ಗಿ ನೋಡಿದಳು. ಎರಡೂ ಬೆನ್ನಿಗೆ ಬೆನ್ನು ಕೊಟ್ಟು ಗಾಢ ನಿದ್ದೆಯಲ್ಲಿದ್ದವು. ತಿರುಗಿ ಬಂದು ಅಜ್ಜಿಯ ಮುಖ ನೋಡಿದಳು. ಸೀತಮ್ಮ ದವಡೆ ಆಡಿಸದೆ ಸಾಸಿವೆ ಆರಿಸುತ್ತಿದ್ದರು. ಕೊನೆಗೆ ಹುಡುಗಿ ತನುಜಾಳ ಹತ್ತಿರ ಬಂದು ಅವಳ ಕೆನ್ನೆಯ ಮೇಲೆ ಕೈಯಿಟ್ಟು ಪರೀಕ್ಷೆ ಮಾಡಿದಳು.

“ಆಯಿ,” ಎಂದಳು, “ನೀನು.”